ಸಿಎಂಎಸ್ ಆರಿಸುವ ಮೊದಲು ಹಿತ್ತಿಲ ಬಾಗಿಲು ನೋಡಿ

ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಥರದ ಸಿಎಂಎಸ್, ಅಂದರೆ ಸೈಟಿನ ಬರಹಗಳನ್ನು ಹಾಕಿ, ತಿದ್ದಿ, ಪ್ರಕಟಿಸುವ ತಂತ್ರಾಂಶ, ನಮ್ಮ ಬರಹವನ್ನು ಡೇಟಾಬೇಸಿನಲ್ಲಿ ಇಡುತ್ತದೆ. ಕನ್ನಡ ಬರಹ ಅಲ್ಲಿ ಕೆಟ್ಟುಹೋದರೆ ಅದಕ್ಕೊಂದು ಖಾಯಂ ಚಹರೆ ಇರುತ್ತದೆ. ಪುಟದ ತುಂಬ ತಲೆಯ ಮೇಲೆ ಗೀರಿರುವ ಇಂಗ್ಲಿಷಿನ ಸಣ್ಣ ಎ, ಅದರ ಬೆನ್ನಿಗೇ ವರ್ಗ-ಘನ ಬರೆಯುವಾಗ ಹಾಕುತ್ತೇವಲ್ಲ ಅಂಥ ಪುಟ್ಟ 2 ಅಥವಾ 3, ಆಮೇಲೆ ಇನ್ಯಾವುದೋ ಚಿಹ್ನೆ. ಮತ್ತೆ ಎ, ಮತ್ತೆ 2. ತಮಿಳು ಕೆಟ್ಟಿದ್ದರೆ ಎ ಪಕ್ಕದಲ್ಲಿ ವೃತ್ತದೊಳಗಿನ ಆರ್ ಕಾಣುತ್ತದೆ, ತೆಲುಗು ಕೆಟ್ಟಿದ್ದರೆ ಡಿಗ್ರಿಯ ಸೊನ್ನೆ. ಈ ಕೆಲಸದಲ್ಲಿ ಸ್ವಲ್ಪ ಕಾಲ ಇದ್ದವರು ಒಂದಕ್ಷರ ಓದದೆಯೇ ಇದು ಯಾವ ಭಾಷೆಯ ಅವಶೇಷ ಎಂದು ಹೇಳಿಬಿಡುತ್ತಾರೆ.

ಕಾರಣ ಸರಳ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟು ಹಿಡಿಯುತ್ತದೆ. ಮೊದಲ ಬೈಟು ಎಲ್ಲಕ್ಕೂ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆ: ವ್ಯಂಜನಗಳಿಗೆಲ್ಲ ಒಂದು, ಕೊಂಬು, ಏತ್ವ, ಓತ್ವ, ಹಲಂತಗಳಿಗೆ ಇನ್ನೊಂದು. ಆ ಬೈಟುಗಳನ್ನು ಯಾರೋ ಲ್ಯಾಟಿನ್-1, ಅಂದರೆ ಯುರೋಪಿನ ಭಾಷೆಗಳ ಹಳೆಯ ಅಕ್ಷರ ಸಂಕೇತ, ಎಂದು ತಿಳಿದು ಓದಿದರೆ ಗೀರಿನ ಎ, ಪುಟ್ಟ 2, ಪುಟ್ಟ 3 ಹುಟ್ಟುತ್ತವೆ.

ಇದನ್ನು ನಾನು ಹೆಚ್ಚಾಗಿ ಕಂಡಿರುವುದು ಹಳೆಯ ವರ್ಡ್‌ಪ್ರೆಸ್ ಬ್ಲಾಗುಗಳನ್ನು ಬೇರೆ ಕಡೆಗೆ ಸಾಗಿಸುವಾಗ. 2007ರ ಮೇ ತಿಂಗಳಲ್ಲಿ ಬಂದ 2.2ನೇ ಆವೃತ್ತಿಯವರೆಗೆ, ಡೇಟಾಬೇಸಿನ ಅಕ್ಷರ ಸಂಕೇತ ಯಾವುದೆಂದು ಹೇಳುವ ಸಾಲೇ ವರ್ಡ್‌ಪ್ರೆಸ್ಸಿನ ಸಂರಚನಾ ಕಡತದಲ್ಲಿ ಇರಲಿಲ್ಲ. ವರ್ಡ್‌ಪ್ರೆಸ್ ಬಳಸುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ತನ್ನ ರೂಢಿಯಂತೆ ಟೇಬಲ್ಲಿಗೆ ಲ್ಯಾಟಿನ್-1 ಎಂದು ಚೀಟಿ ಅಂಟಿಸುತ್ತಿತ್ತು. ಒಳಗೆ ಹೋಗುತ್ತಿದ್ದದ್ದು ಯುಟಿಎಫ್-8. ಹಾಕುವವನೂ ತೆಗೆಯುವವನೂ ಒಂದೇ ತಪ್ಪು ತಿಳಿದುಕೊಂಡಿದ್ದರಿಂದ ತಪ್ಪು ತಪ್ಪಿಗೆ ವಜಾ ಆಗಿ, ಪರದೆಯ ಮೇಲೆ ಕನ್ನಡ ಸೊಗಸಾಗಿಯೇ ಕಾಣುತ್ತಿತ್ತು, ವರ್ಷಗಟ್ಟಲೆ. ಹೋಸ್ಟಿಂಗ್ ಬದಲಿಸಲು ಯಾರೋ ಡಂಪ್, ಅಂದರೆ ಇಡೀ ಡೇಟಾಬೇಸಿನ ನಕಲು, ತೆಗೆದ ದಿನ, ಪ್ರಾಮಾಣಿಕವಾಗಿ ಪರಿವರ್ತಿಸುವ ಯಾವುದೋ ಸಾಧನ ಚೀಟಿಯನ್ನು ನಂಬಿ ಎಲ್ಲವನ್ನೂ ಇನ್ನೊಮ್ಮೆ ಯುಟಿಎಫ್-8ಕ್ಕೆ ತಿರುಗಿಸುತ್ತದೆ. ಆಗ ನೋಡಿ.

ಪರಿಹಾರ ಇದೆ. ಡಂಪ್ ತೆಗೆಯುವಾಗಲೇ ಲ್ಯಾಟಿನ್-1 ಎಂದು ಹೇಳಿ ಬೈಟುಗಳನ್ನು ಮುಟ್ಟದ ಹಾಗೆ ಹೊರತೆಗೆದು, ಕಡತದೊಳಗಿನ ಚೀಟಿಯನ್ನು ಮಾತ್ರ ಯುಟಿಎಫ್-8 ಎಂದು ತಿದ್ದಿ, ಹೊಸ ಜಾಗದಲ್ಲಿ ತುಂಬಿದರೆ ಕನ್ನಡ ಹಿಂದಿರುಗುತ್ತದೆ. ಆದರೆ ಮಧ್ಯೆ ಯಾರಾದರೂ ಕೆಟ್ಟ ಪ್ರತಿಯನ್ನೇ ತುಂಬಿ, ಅದರ ಮೇಲೆ ಹೊಸ ಲೇಖನ ಬರೆದಿದ್ದರೆ ಅರ್ಧ ಹೀಗೆ, ಅರ್ಧ ಹಾಗೆ. ಅಂಥ ಡೇಟಾಬೇಸನ್ನು ಸಾಲುಸಾಲಾಗಿ ಬಿಡಿಸುವ ಕೆಲಸ ವೈರಿಗೂ ಬೇಡ.

ಇಷ್ಟು ಉದ್ದಕ್ಕೆ ಹೇಳಿದ್ದು ಏಕೆಂದರೆ, ಒಂದು ಸಿಎಂಎಸ್ ನಮ್ಮ ಬರಹವನ್ನು ಏನು ಮಾಡಿ ಇಟ್ಟುಕೊಂಡಿದೆ ಎನ್ನುವುದು ಒಳಗಿರುವಾಗ ಗೊತ್ತೇ ಆಗುವುದಿಲ್ಲ. ಹೊರಗೆ ಹೋಗಲು ಹೊರಟಾಗ ಗೊತ್ತಾಗುತ್ತದೆ. ಆದರೆ ನಾವು ಸಿಎಂಎಸ್‌ಗಳನ್ನು ಹೋಲಿಸುವುದೆಲ್ಲ ಮುಂಬಾಗಿಲಲ್ಲಿ ನಿಂತು. ಯಾವುದರಲ್ಲಿ ಥೀಮು ಜಾಸ್ತಿ, ಯಾವುದನ್ನು ಅಳವಡಿಸುವುದು ಸುಲಭ, ಯಾವುದಕ್ಕೆ ಹುಡುಗರು ಕಡಿಮೆ ದುಡ್ಡಿಗೆ ಸಿಗುತ್ತಾರೆ. ‘ವರ್ಡ್‌ಪ್ರೆಸ್ಸೋ ಡ್ರೂಪಲ್ಲೋ ಜೂಮ್ಲಾನೋ’ ಎಂದು ಯಾರಾದರೂ ಕೇಳಿದರೆ ನಾನೀಗ ಮೊದಲು ಹೇಳುವುದು ಇಷ್ಟು: ಒಂದೇ ಒಂದು ಲೇಖನ ಹಾಕಿ ನೋಡಿ, ಅದು ಎಲ್ಲಿ ಹೋಗಿ ಕೂತಿತು ನೋಡಿ, ಆಮೇಲೆ ಅದನ್ನು ಹೊರಗೆ ತೆಗೆದು ನೋಡಿ.

ವರ್ಡ್‌ಪ್ರೆಸ್ಸಿನಲ್ಲಿ ಹಾಕಿದರೆ ಲೇಖನ ಪೋಸ್ಟ್ಸ್ ಎಂಬ ಒಂದು ಟೇಬಲ್ಲಿನ ಒಂದು ಸಾಲಾಗುತ್ತದೆ. ಇಡೀ ವ್ಯವಸ್ಥೆಗೆ ಇರುವುದೇ 12 ಟೇಬಲ್. ಅಷ್ಟರಲ್ಲೇ ಲೇಖನ, ಪುಟ, ಚಿತ್ರದ ವಿವರ, ಹಳೆಯ ಕರಡು, ಕೊನೆಗೆ ಮೆನುವಿನ ಒಂದೊಂದು ಕೊಂಡಿಯೂ ಅದೇ ಪೋಸ್ಟ್ಸ್ ಟೇಬಲ್ಲಿನಲ್ಲಿ ಒಟ್ಟೊಟ್ಟಿಗೆ ಕೂತಿರುತ್ತವೆ. ಶಿಸ್ತಿನವರಿಗೆ ಇದು ಕಿರಿಕಿರಿ. ನನಗೆ ಇದರ ಮೇಲೆ ಪ್ರೀತಿ, ಯಾಕೆಂದರೆ ಏನಾದರೂ ಕೆಟ್ಟರೆ ಹುಡುಕಬೇಕಾದ ಜಾಗ ಒಂದೇ. ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಅದರಲ್ಲಿ ಲೇಖನ, ಪ್ರತಿಕ್ರಿಯೆ, ವರ್ಗ ಎಲ್ಲ ಇರುತ್ತದೆ, ಚಿತ್ರಗಳು ಮಾತ್ರ ಇರುವುದಿಲ್ಲ. ಚಿತ್ರದ ವಿಳಾಸವಷ್ಟೇ ಇರುತ್ತದೆ. ಹೊಸ ಸೈಟು ಆ ವಿಳಾಸಕ್ಕೆ ಹೋಗಿ ಹಳೆಯ ಸೈಟಿನಿಂದ ಚಿತ್ರವನ್ನು ತಂದುಕೊಳ್ಳಬೇಕು. ‘ಎಕ್ಸ್‌ಪೋರ್ಟ್ ತೆಗೆದಾಯ್ತಲ್ಲ’ ಎಂದು ಹಳೆಯ ಹೋಸ್ಟಿಂಗನ್ನು ಆಗಲೇ ರದ್ದು ಮಾಡಿದವರ ಸೈಟಿನಲ್ಲಿ ಚಿತ್ರಗಳ ಜಾಗದಲ್ಲಿ ಬರೀ ಚೌಕಟ್ಟು ಉಳಿದದ್ದನ್ನು ನೋಡಿದ್ದೇನೆ.

ಜೂಮ್ಲಾದಲ್ಲಿ ಲೇಖನ ಎರಡು ತುಂಡಾಗಿ ಕೂರುತ್ತದೆ, ಪೀಠಿಕೆ ಒಂದು ಕಾಲಂ, ಉಳಿದದ್ದು ಇನ್ನೊಂದು. ಒಂದು ಲೇಖನಕ್ಕೆ ಒಂದೇ ವರ್ಗ. ಪುಸ್ತಕ ವಿಮರ್ಶೆಯೂ ಹೌದು, ಸ್ತ್ರೀವಾದವೂ ಹೌದು ಎನ್ನುವ ಬರಹವನ್ನು ಎಲ್ಲಿಡುವುದೆಂದು ಅಲ್ಲಿ ನಿರ್ಧರಿಸಲೇಬೇಕು, ಇನ್ನೊಂದಕ್ಕೆ ಟ್ಯಾಗು ಹಾಕಿ ಸಮಾಧಾನಪಟ್ಟುಕೊಳ್ಳಬೇಕು. ಕನ್ನಡ-ಇಂಗ್ಲಿಷ್ ಎರಡರಲ್ಲೂ ಸೈಟು ನಡೆಸುವವರಿಗೆ ಮಾತ್ರ ಜೂಮ್ಲಾ 2011ರ 1.6ನೇ ಆವೃತ್ತಿಯಿಂದಲೇ ಆ ಸೌಲಭ್ಯವನ್ನು ಮೂಲದಲ್ಲೇ ಕೊಟ್ಟಿದೆ. ವರ್ಡ್‌ಪ್ರೆಸ್ಸಿನಲ್ಲಿ ಅದಕ್ಕೆ ಇವತ್ತಿಗೂ ಪ್ಲಗಿನ್, ಅಂದರೆ ಮೇಲಿಂದ ಜೋಡಿಸುವ ಸಣ್ಣ ತಂತ್ರಾಂಶ, ಬೇಕು. ಜೂಮ್ಲಾ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳಲು ಇಲ್ಲ, ಅದರ ಅಭಿಮಾನಿಗಳು ಕ್ಷಮಿಸಬೇಕು.

ಡ್ರೂಪಲ್ಲಿನ ವಿಷಯ ಬೇರೆ. ನಾನು ನೋಡಿಕೊಳ್ಳುವ ಸೈಟುಗಳಲ್ಲಿ ಒಂದು, ಸಣ್ಣ ಸಾಹಿತ್ಯ ಪತ್ರಿಕೆಯೊಂದರ ಹಳೆಯ ಸಂಚಿಕೆಗಳ ಸಂಗ್ರಹ. ಅದು ಡ್ರೂಪಲ್ 7ರಲ್ಲಿತ್ತು. ಅಲ್ಲಿ ಲೇಖನವೆಂದರೆ ಬರೀ ಶೀರ್ಷಿಕೆ ಮತ್ತು ಒಡಲಲ್ಲ. ಸಂಚಿಕೆ, ಲೇಖಕ, ಅನುವಾದಕ, ಮೂಲ ಭಾಷೆ, ಪುಟಸಂಖ್ಯೆ, ಪ್ರತಿಯೊಂದಕ್ಕೂ ತನ್ನದೇ ಖಾನೆ. ಡ್ರೂಪಲ್ 7 ಪ್ರತಿ ಖಾನೆಗೂ ಎರಡು ಟೇಬಲ್ ಮಾಡುತ್ತದೆ, ಒಂದು ಈಗಿನ ಮಾಹಿತಿಗೆ, ಒಂದು ಹಳೆಯ ಆವೃತ್ತಿಗಳಿಗೆ. ಹಾಗಾಗಿ ಒಂದು ಲೇಖನವನ್ನು ಕೈಯಾರೆ ಹೊರತೆಗೆಯಲು ಹೋದರೆ ಹತ್ತಾರು ಟೇಬಲ್ಲುಗಳಿಂದ ಆರಿಸಿ ಪೋಣಿಸಬೇಕು. ನೋಡಿದವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಆದರೆ ಗಮನಿಸಬೇಕಾದದ್ದು ಇದು: ಆ ಮಾಹಿತಿ ಚದುರಿದೆ, ಕಲಸಿಹೋಗಿಲ್ಲ. ಅನುವಾದಕರ ಹೆಸರು ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತು. ಇದೇ ಪತ್ರಿಕೆ ವರ್ಡ್‌ಪ್ರೆಸ್ಸಿನಲ್ಲಿ ಇದ್ದಿದ್ದರೆ ಅನುವಾದಕರ ಹೆಸರು ಲೇಖನದ ಕೊನೆಯ ಸಾಲಿನಲ್ಲಿ ಆವರಣದೊಳಗೆ ಇರುತ್ತಿತ್ತು, ಒಮ್ಮೆ ‘ಕನ್ನಡಕ್ಕೆ:’ ಎಂದು, ಒಮ್ಮೆ ‘ಅನು:’ ಎಂದು, ಒಮ್ಮೆ ಏನೂ ಇಲ್ಲದೆ. ಖಾನೆ ಮಾಡಲು ವರ್ಡ್‌ಪ್ರೆಸ್ಸಿನಲ್ಲೂ ಬರುತ್ತದೆ, ನಿಜ. ಆದರೆ ಆ ಮನೆಯ ರೂಢಿ ಹಾಗಲ್ಲ.

ಹೊರಬರುವ ಕಷ್ಟದ ಮೊದಲ ಪಾಠ ಈ ಪತ್ರಿಕೆಯಲ್ಲಿ ಸಿಎಂಎಸ್‌ಗಿಂತ ಮುಂಚೆಯೇ ಆಗಿತ್ತು. ಹಳೆಯ ಸಂಚಿಕೆಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಕಡತಗಳು, ನುಡಿಯ ಹಳೆಯ ಫಾಂಟುಗಳಲ್ಲಿ ಕಂಪೋಸ್ ಆದವು. ಆ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಖ್ಯೆ, ಅದರ ಮೇಲೆ ಕನ್ನಡದ ಚಿತ್ರ. ಫಾಂಟು ತೆಗೆದರೆ ಕನ್ನಡವೇ ಇಲ್ಲ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ಮುಕ್ಕಾಲು ಕೆಲಸ ಚೆನ್ನಾಗಿಯೇ ಮಾಡುತ್ತವೆ. ಪೇಚಾಟವೆಲ್ಲ ಅರ್ಕಾವತ್ತಿನದು. ಕಂಪೋಸ್ ಮಾಡಿದವರು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನ ಮೊದಲು, ಅರ್ಕಾವತ್ತು ಆಮೇಲೆ ಹೊಡೆದಿರುತ್ತಾರೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಕರ್ಮ’, ‘ಅರ್ಥ’ ಸಲೀಸಾಗಿ ತಿರುಗುತ್ತವೆ. ‘ಕರ್ತೃ’, ‘ಪೂರ್ಣಿಮಾ’ ಥರದವು ಬಂದಾಗ ಅರ್ಕಾವತ್ತು ಎಷ್ಟು ಹಿಂದಕ್ಕೆ ಜಿಗಿಯಬೇಕೆಂದು ಪರಿವರ್ತಕಕ್ಕೆ ಗೊಂದಲವಾಗಿ ಎಡವುತ್ತದೆ. ಕರಡು ತಿದ್ದಲು ಸಂಪಾದಕರೇ ಕೂತರು.

ಇನ್ನು ವಿಳಾಸಗಳು. ಇದರ ಬಗ್ಗೆ ಇಂಗ್ಲಿಷಿನ ಹೋಲಿಕೆ ಲೇಖನಗಳು ತುಟಿ ಬಿಚ್ಚುವುದಿಲ್ಲ, ಅವರಿಗೆ ಈ ತೊಂದರೆಯೇ ಇಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಅದರಿಂದಲೇ ಪುಟದ ವಿಳಾಸ ತಯಾರಾಗುತ್ತದೆ. ಆದರೆ ಅದನ್ನು ಶೇಖರಿಸುವುದು ಕನ್ನಡವಾಗಿ ಅಲ್ಲ, ಶೇಕಡಾ ಚಿಹ್ನೆಗಳ ಮಾಲೆಯಾಗಿ. ಒಂದು ಕನ್ನಡ ಚಿಹ್ನೆಗೆ ಮೂರು ಬೈಟು, ಒಂದು ಬೈಟಿಗೆ ಮೂರು ಅಕ್ಷರ, ಒಟ್ಟು 9. ವಿಳಾಸದ ಕಾಲಂಗೆ ಇರುವ ಜಾಗ 200. ಅಂದರೆ 22 ಕನ್ನಡ ಚಿಹ್ನೆ ದಾಟುವ ಹಾಗಿಲ್ಲ, ಮತ್ತು ಕೊಂಬು, ದೀರ್ಘ, ಹಲಂತಗಳೂ ಒಂದೊಂದು ಚಿಹ್ನೆಯ ಲೆಕ್ಕ. ‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಎಂದು ಶೀರ್ಷಿಕೆ ಇಟ್ಟರೆ ಮೊದಲ ಪದಕ್ಕೆ 8 ಚಿಹ್ನೆ, ಎರಡನೆಯದಕ್ಕೆ 7, ಮೂರನೆಯದಕ್ಕೆ 8. ನಡುವಿನ ಎರಡು ಅಡ್ಡಗೆರೆ ಸೇರಿ 209 ಆಗುತ್ತದೆ. ಜಾಗ ಸಾಲದೆ ಕೊನೆಯ ಕೊಂಬು ಉದುರಿ ವಿಳಾಸ ‘ಅಡುಗೆಗಳ’ ಎಂದು ನಿಲ್ಲುತ್ತದೆ. ಇದು ಪುಣ್ಯ. ಬೇರೆ ಶೀರ್ಷಿಕೆಗಳು ಹಲಂತದ ಮೇಲೆ ತುಂಡಾಗಿ, ಅರ್ಧ ಉಸಿರು ಕಟ್ಟಿದ ಹಾಗೆ ನಿಂತಿರುವುದುಂಟು. ಹೇಗೂ ಸೈಟು ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದಾಗ ಎರಡು ಬೆರಳು ಉದ್ದದ ಶೇಕಡಾ ಸಾಲು ನೋಡಿ ‘ಇದೇನು ವೈರಸ್ಸಾ?’ ಎಂದು ಕೇಳುವ ಹಿರಿಯರನ್ನು ಬಿಟ್ಟರೆ.

ಸೈಟು ಬದಲಿಸಿದಾಗ ಇದು ಎದ್ದು ಕೂರುತ್ತದೆ. ಹೊಸ ವ್ಯವಸ್ಥೆ ಅದೇ ಶೀರ್ಷಿಕೆಯಿಂದ ಪೂರ್ತಿ ವಿಳಾಸ ಮಾಡುತ್ತದೆ, ತುಂಡು ಮಾಡುವುದಿಲ್ಲ. ಹಳೆಯ ಕೊಂಡಿಗಳೆಲ್ಲ ಖಾಲಿ. ಆದ್ದರಿಂದ ಹಳೆಯ ವಿಳಾಸಗಳನ್ನು ಶೀರ್ಷಿಕೆಯಿಂದ ಮತ್ತೆ ಹುಟ್ಟಿಸಲು ಹೋಗಬಾರದು, ಡೇಟಾಬೇಸಿನಲ್ಲಿ ಇದ್ದ ಹಾಗೆಯೇ ಎತ್ತಿಕೊಂಡು ಬರಬೇಕು. ಅಪಾಚೆ ಎಂಬ ವೆಬ್ ಸರ್ವರಿನಲ್ಲಿ ಹಳೆಯದರಿಂದ ಹೊಸದಕ್ಕೆ ದಾರಿ ತಿರುಗಿಸುವ ನಿಯಮ ಬರೆಯುವಾಗ ಶೇಕಡಾ ಮಾಲೆಯನ್ನು ನಕಲು ಮಾಡಿ ಹಾಕಿದರೆ ಕೆಲಸ ಮಾಡುವುದಿಲ್ಲ. ನಿಯಮಕ್ಕೆ ಹೋಲಿಸುವ ಮೊದಲೇ ಸರ್ವರು ವಿಳಾಸವನ್ನು ಬಿಡಿಸಿ ಕನ್ನಡ ಮಾಡಿರುತ್ತದೆ. ಕಡತದಲ್ಲಿ ನೇರವಾಗಿ ಕನ್ನಡದಲ್ಲೇ ಬರೆಯಬೇಕು. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರಿನಲ್ಲೂ ಹಾಗೆಯೇ. ಸರ್ವರಿನ ಸಂರಚನಾ ಕಡತದಲ್ಲಿ ‘ಮಲೆನಾಡಿನ-ಮಳೆಗಾಲದ’ ಎಂದು ಅಚ್ಚಗನ್ನಡ ಬರೆಯುವ ಸುಖ ಈ ಕಸುಬಿನಲ್ಲಿ ಅಪರೂಪಕ್ಕೆ ಸಿಗುವಂಥದ್ದು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಕನ್ನಡಾಭಿಮಾನಿಗಳಿಗೆ ಹಿಡಿಸದು: ವಿಳಾಸ ಚಿಕ್ಕದಾಗಿ ಇಂಗ್ಲಿಷ್ ಲಿಪಿಯಲ್ಲಿರಲಿ, ಇಲ್ಲವೇ ಬರೀ ಸಂಖ್ಯೆ ಇರಲಿ. ಡ್ರೂಪಲ್ ಪ್ರತಿ ಬರಹಕ್ಕೂ ಒಂದು ಸಂಖ್ಯೆಯ ವಿಳಾಸವನ್ನು ಕೊಟ್ಟೇ ಕೊಡುತ್ತದೆ. ಶೀರ್ಷಿಕೆ ಎಷ್ಟು ಸಲ ತಿದ್ದಿದರೂ ಅದು ಅಲುಗುವುದಿಲ್ಲ.

ವಿಳಾಸ ಉಳಿಸಿಕೊಂಡರೂ ಬರಹದ ಒಡಲಲ್ಲಿ ಕಸ ಉಳಿದಿರುತ್ತದೆ. ಪುಟವನ್ನು ಎಳೆದು ಬಿಟ್ಟು ಕಟ್ಟುವ ಪೇಜ್ ಬಿಲ್ಡರುಗಳಲ್ಲಿ ಹಲವು ತಮ್ಮ ಅಂಕಣ, ಸಾಲು, ಗುಂಡಿಗಳನ್ನೆಲ್ಲ ಚೌಕಾವರಣದ ಶಾರ್ಟ್‌ಕೋಡುಗಳಾಗಿ ಲೇಖನದ ನಡುವೆಯೇ ಬರೆದಿಡುತ್ತವೆ. ಪ್ಲಗಿನ್ ನಿಲ್ಲಿಸಿದ ಕ್ಷಣ, ಚಪ್ಪರ ಬಿಚ್ಚಿದ ಮೇಲೂ ಅಂಗಳದಲ್ಲಿ ಉಳಿದ ಗೂಟಗಳ ಹಾಗೆ ಅವು ಪ್ಯಾರಾಗಳ ಮಧ್ಯೆ ಎದ್ದು ನಿಲ್ಲುತ್ತವೆ. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಜೊತೆ ಗುಟೆನ್‌ಬರ್ಗ್ ಎಂಬ ಹೊಸ ಬರೆಯುವ ಪರದೆ ಬಂದಾಗ ಎಷ್ಟು ಜನ ಬೈದರೋ ಲೆಕ್ಕವಿಲ್ಲ. ಅದನ್ನು ಒಲ್ಲದವರು ಕ್ಲಾಸಿಕ್‌ಪ್ರೆಸ್ ಎಂದು ಬೇರೆ ಕವಲನ್ನೇ ತೆಗೆದರು. ಬರೆಯುವವನಾಗಿ ನನಗೂ ಅದು ಇಷ್ಟವಿಲ್ಲ, ಪ್ರತಿ ಪ್ಯಾರಾವೂ ಒಂದು ಡಬ್ಬಿ ಎಂದರೆ ಗದ್ಯ ಹರಿಯುವುದಾದರೂ ಹೇಗೆ? ಆದರೆ ಹಿತ್ತಿಲ ಬಾಗಿಲಿಂದ ನೋಡಿದರೆ ಗುಟೆನ್‌ಬರ್ಗ್ ಮರ್ಯಾದಸ್ಥ. ಡಬ್ಬಿಗಳ ಗುರುತನ್ನು ಅದು ಎಚ್‌ಟಿಎಂಎಲ್ ಟಿಪ್ಪಣಿಗಳಾಗಿ ಇಡುತ್ತದೆ, ಬ್ರೌಸರಿಗೆ ಅವು ಕಾಣುವುದಿಲ್ಲ. ಬೇರೆ ಕಡೆ ಒಯ್ದರೂ ಮಾಮೂಲಿ ಪ್ಯಾರಾಗಳು ಓದುವ ಹಾಗೆಯೇ ಇರುತ್ತವೆ.

ಮುಕ್ತ ತಂತ್ರಾಂಶ ತಾನೇ, ಯಾವಾಗ ಬೇಕಾದರೂ ಬಿಡಬಹುದು ಎನ್ನುವವರಿದ್ದಾರೆ. ಅದು ಅರ್ಧ ನಿಜ. ಇತಿಹಾಸದಲ್ಲಿ ದೊಡ್ಡ ವಲಸೆಗಳು ಸಲೀಸಾಗಿ ನಡೆದದ್ದು ಡೇಟಾ ಕೈಗೆ ಸಿಗುವಂತಿದ್ದಾಗ ಮಾತ್ರ. 2004ರ ಮೇನಲ್ಲಿ ಸಿಕ್ಸ್ ಅಪಾರ್ಟ್ ಕಂಪನಿ ತನ್ನ ಬ್ಲಾಗ್ ತಂತ್ರಾಂಶ ಮೂವಬಲ್ ಟೈಪ್ 3.0ಕ್ಕೆ ಹೊಸ ಷರತ್ತು ಹಾಕಿತು. ಉಚಿತ ಆವೃತ್ತಿಯಲ್ಲಿ ಎಷ್ಟು ಬ್ಲಾಗು, ಎಷ್ಟು ಜನ ಲೇಖಕರು ಎನ್ನುವುದಕ್ಕೆ ಮಿತಿ ಬಂತು. ಸಿಟ್ಟಾದ ಬ್ಲಾಗಿಗರು ಸಾಲುಗಟ್ಟಿ ಹೊರಟದ್ದು, ಆಗಿನ್ನೂ ಒಂದು ವರ್ಷದ ಕೂಸಾಗಿದ್ದ ವರ್ಡ್‌ಪ್ರೆಸ್ಸಿಗೆ. ವರ್ಡ್‌ಪ್ರೆಸ್ ಬೆಳೆದ ಕತೆಯಲ್ಲಿ ಇದು ದೊಡ್ಡ ತಿರುವು. ಹೊರಡಲು ಆದದ್ದಾದರೂ ಹೇಗೆ? ಮೂವಬಲ್ ಟೈಪ್ ಮುಕ್ತ ತಂತ್ರಾಂಶವೇ ಆಗಿರಲಿಲ್ಲ. ಆದರೆ ಅದರ ಎಕ್ಸ್‌ಪೋರ್ಟ್ ಯಾರು ಬೇಕಾದರೂ ಓದಬಹುದಾದ ಸರಳ ಪಠ್ಯದ ಕಡತವಾಗಿತ್ತು: ಶೀರ್ಷಿಕೆ ಒಂದು ಸಾಲು, ದಿನಾಂಕ ಒಂದು ಸಾಲು, ಕೆಳಗೆ ಒಡಲು. ಅದನ್ನು ಓದಿಕೊಳ್ಳುವ ಇಂಪೋರ್ಟರ್ ಈ ಕಡೆ ಇತ್ತು.

ಮರುವರ್ಷ ಆಗಸ್ಟಿನಲ್ಲಿ ಮ್ಯಾಂಬೋ ಎಂಬ ಸಿಎಂಎಸ್ ಒಡೆದು ಜೂಮ್ಲಾ ಆಯಿತು. ಮ್ಯಾಂಬೋ ಹೆಸರಿನ ಮೇಲೆ ಹಕ್ಕಿದ್ದ ಆಸ್ಟ್ರೇಲಿಯಾದ ಕಂಪನಿ ಪ್ರತಿಷ್ಠಾನವೊಂದನ್ನು ಕಟ್ಟಿದ ರೀತಿ ಹಿಡಿಸದೆ ಮುಖ್ಯ ಪ್ರೋಗ್ರಾಮರುಗಳು ಎದ್ದು ಬಂದರು. ಕೋಡು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಲ್ಲಿ ಇದ್ದುದರಿಂದ ಅದನ್ನೇ ಹೊತ್ತು ತಂದರು, ಹೆಸರು ಮಾತ್ರ ಬಿಟ್ಟುಬಂದರು. ಬಳಕೆದಾರರಿಗೆ ಡೇಟಾಬೇಸು ಬದಲಾಗಲೇ ಇಲ್ಲ ಎನ್ನಬಹುದು. ಲೈಸೆನ್ಸು ನಿಜಕ್ಕೂ ಕೈಹಿಡಿದದ್ದು ಅಲ್ಲಿ.

2024ರ ವರ್ಡ್‌ಪ್ರೆಸ್ ಜಗಳ ಇವೆರಡಕ್ಕಿಂತ ಸಿಕ್ಕು. ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಅವರು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ಮೇಲೆ ಬಹಿರಂಗವಾಗಿ ಹರಿಹಾಯ್ದರು. ಕೆಲವೇ ದಿನಗಳಲ್ಲಿ ಆ ಕಂಪನಿಗೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಬಾಗಿಲು ಮುಚ್ಚಿತು. ಪ್ಲಗಿನ್ನುಗಳ ನವೀಕರಣ ಬರುವುದು ಅಲ್ಲಿಂದ. ಅಕ್ಟೋಬರಿನಲ್ಲಿ, ಲಕ್ಷಾಂತರ ಸೈಟುಗಳು ಖಾನೆಗಳನ್ನು ಮಾಡಿಕೊಳ್ಳಲು ಬಳಸುತ್ತಿದ್ದ ಆ ಕಂಪನಿಯ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ನಿನ ಪುಟವನ್ನೇ ವಶಕ್ಕೆ ತೆಗೆದುಕೊಂಡು, ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಎಂದು ಹೆಸರು ಬದಲಿಸಲಾಯಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯ ಮಧ್ಯಂತರ ತಡೆಯಾಜ್ಞೆ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಯಾರದ್ದು ಸರಿ ಎನ್ನುವುದು ವಕೀಲರ ಪಾಲಿಗಿರಲಿ. ನನಗೆ ಕಂಡದ್ದು ಇಷ್ಟೇ: ಕೋಡು ಎಲ್ಲರದೂ ಆಗಿದ್ದರೂ ಅದು ದಿನವೂ ನವೀಕರಣ ತರಲು ಹೋಗುವ ಸರ್ವರು ಒಬ್ಬರ ಕೈಯಲ್ಲಿರಬಹುದು. ಡ್ರೂಪಲ್, ಜೂಮ್ಲಾಗಳಿಗೆ ಸಂಘಗಳಿವೆ, ಚುನಾವಣೆಗಳಿವೆ, ನಿಧಾನವಿದೆ. ಆ ನಿಧಾನವನ್ನು ಮೊದಲು ದೂಷಿಸುತ್ತಿದ್ದವರು ಆ ವರ್ಷ ಸ್ವಲ್ಪ ಸುಮ್ಮನಾದರು.

ಹಾಗೆಂದು ಡ್ರೂಪಲ್ ಸಾಧು ಎಂದಲ್ಲ. ತನ್ನ ಬಳಕೆದಾರರನ್ನು ತನ್ನಿಂದ ತನಗೇ ವಲಸೆ ಕಳಿಸಿದ ಖ್ಯಾತಿ ಅದರದು. 2015ರ ನವೆಂಬರಿನಲ್ಲಿ ಬಂದ ಡ್ರೂಪಲ್ 8, ಸಿಂಫನಿ ಎಂಬ ಚೌಕಟ್ಟಿನ ಭಾಗಗಳ ಮೇಲೆ ಹೊಸದಾಗಿ ಕಟ್ಟಿದ್ದು. 7ರ ಥೀಮು, ಮಾಡ್ಯೂಲು ಯಾವುದೂ ಅದರಲ್ಲಿ ಓಡುವುದಿಲ್ಲ. ಬರಹಗಳನ್ನು ಸಾಗಿಸಲು ಸಾಧನ ಕೊಟ್ಟರು, ಸೈಟನ್ನು ಮಾತ್ರ ಮತ್ತೆ ಕಟ್ಟಬೇಕು. ದುಡ್ಡಿದ್ದವರು ಕಟ್ಟಿದರು. ಮಿಕ್ಕವರು 7ರಲ್ಲೇ ಉಳಿದರು, ಎಷ್ಟು ಜನ ಉಳಿದರೆಂದರೆ 2021ಕ್ಕೆ ಮುಗಿಯಬೇಕಿದ್ದ ಅದರ ಬೆಂಬಲವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2025ರ ಜನವರಿ 5ರಂದು ನಿಲ್ಲಿಸಿದರು, ಅದು ಬಿಡುಗಡೆಯಾಗಿ ಸರಿಯಾಗಿ 14 ವರ್ಷಕ್ಕೆ. ಅಮೆರಿಕದ ಶ್ವೇತಭವನದ ಸೈಟು ಕೂಡ 2009ರಲ್ಲಿ ಡ್ರೂಪಲ್ಲಿಗೆ ಬಂದು 2017ರ ಕೊನೆಗೆ ವರ್ಡ್‌ಪ್ರೆಸ್ಸಿಗೆ ಹೋಯಿತು.

ನಮ್ಮ ಪತ್ರಿಕೆಯೂ ಆ ಮಿಕ್ಕವರಲ್ಲಿ ಒಂದು. ‘ನಡೀತಾ ಇದೆಯಲ್ಲ, ಬಿಡು’ ಎನ್ನುವಂತಿರಲಿಲ್ಲ. 2014ರ ಅಕ್ಟೋಬರ್ 15 ನೆನಪಿದ್ದವರಿಗೆ ಆ ಧೈರ್ಯ ಬರುವುದಿಲ್ಲ. ಅಂದು ಡ್ರೂಪಲ್ 7ರ ಒಂದು ಭಾರೀ ತೂತಿಗೆ ತೇಪೆ ಬಿಡುಗಡೆಯಾಯಿತು. ಎರಡು ವಾರ ಬಿಟ್ಟು ಭದ್ರತಾ ತಂಡ ಹೇಳಿದ್ದು, ತೇಪೆ ಬಂದ 7 ಗಂಟೆಯೊಳಗೆ ಹಾಕದ ಸೈಟುಗಳೆಲ್ಲ ಕೈತಪ್ಪಿವೆ ಎಂದೇ ತಿಳಿಯಿರಿ ಎಂದು. ತೇಪೆ ಬರುವುದೇ ನಿಂತ ಮೇಲೆ ಅಂಥ ಇನ್ನೊಂದು ದಿನ ಬಂದರೆ ಏನು ಗತಿ?

ನನ್ನ ಆಸೆ ಹ್ಯೂಗೋ ಮೇಲಿತ್ತು. ಡೇಟಾಬೇಸೇ ಇಲ್ಲ. ಪ್ರತಿ ಲೇಖನವೂ ಒಂದು ಪಠ್ಯ ಕಡತ, ನೆತ್ತಿಯ ಮೇಲೆ ಸಂಚಿಕೆ, ಲೇಖಕ, ಅನುವಾದಕರ ವಿವರ, ಕೆಳಗೆ ಬರಹ. ಒಂದು ಆಜ್ಞೆ ಕೊಟ್ಟರೆ ಸೆಕೆಂಡುಗಳಲ್ಲಿ ಇಡೀ ಸೈಟು ಎಚ್‌ಟಿಎಂಎಲ್ ಆಗಿ ಬೀಳುತ್ತದೆ. ಹೊರಬರುವ ಬಾಗಿಲ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ, ಬರಹ ಯಾವತ್ತೂ ಹೊರಗೇ ಇರುತ್ತದೆ. ಸಂಗ್ರಹವನ್ನು ಅದಕ್ಕೆ ತಿರುಗಿಸಿ ಸಂಪಾದಕರಿಗೆ ತೋರಿಸಿದೆ. ನಿವೃತ್ತ ಮೇಷ್ಟ್ರು, ಕರಡು ತಿದ್ದುವುದರಲ್ಲಿ ಹುಲಿ. ಪುಟಗಳು ಸರಸರ ತೆರೆದುಕೊಳ್ಳುವುದನ್ನು ನೋಡಿ ಖುಷಿಪಟ್ಟರು. ಆಮೇಲೆ ಒಂದು ಕಡೆ ಬೆರಳಿಟ್ಟರು.

‘ಇಲ್ಲೊಂದು ಒತ್ತಕ್ಷರ ಬಿಟ್ಟಿದೆ. ಎಲ್ಲಿ ತಿದ್ದೋದು?’

‘ಸಾರ್, ಇದಕ್ಕೆ ಅಂತ ಒಳಗೆ ಲಾಗಿನ್ ಇರಲ್ಲ. ಕಡತ ತಿದ್ದಿ ಗಿಟ್‌ಗೆ ಹಾಕ್ಬೇಕು. ಒಂದ್ಸಲ ಕಲಿತರೆ...’

‘ನನಗೆ ಎಪ್ಪತ್ನಾಲ್ಕು ಕಣಯ್ಯಾ. ಇನ್ಮೇಲೆ ಒಂದೊಂದು ಒತ್ತಕ್ಷರಕ್ಕೂ ನಿನಗೆ ಫೋನ್ ಮಾಡ್ಲಾ?’

ಮಾಡುವವರೇ ಅವರು. ಹ್ಯೂಗೋಗೆ ತಿದ್ದುವ ಪರದೆಯನ್ನು ಬೇರೆಯಾಗಿ ಜೋಡಿಸುವ ಸಾಧನಗಳಿವೆ. ಆದರೆ ಅವು ಬಂದ ಮೇಲೆ ಲಾಗಿನ್ನು, ಇನ್ನೊಂದು ಸೇವೆ, ಇನ್ನೊಂದು ನವೀಕರಣ, ಸರಳತೆ ಎಲ್ಲಿ ಉಳಿಯಿತು? ಒಬ್ಬರೇ ಬರೆದು ಒಬ್ಬರೇ ತಿದ್ದುವ, ಕಪ್ಪು ಪರದೆಗೆ ಹೆದರದ ಬ್ಲಾಗಿಗರಿಗೆ ಹ್ಯೂಗೋ ಅಥವಾ ಜೆಕಿಲ್ ಸಾಕು ಎಂದು ಈಗಲೂ ಹೇಳುತ್ತೇನೆ. ಈ ಪತ್ರಿಕೆಗೆ ಅದು ಹೊಂದಲಿಲ್ಲ.

ಹೊಸ ಡ್ರೂಪಲ್? ಈಗ ಅದು ಒಳ್ಳೆಯದಾಗಿದೆ, 9, 10, 11ಕ್ಕೆ ಏರುವುದೆಲ್ಲ ಮೊದಲಿನಷ್ಟು ಕಷ್ಟವಿಲ್ಲ. ಆದರೆ ಅದರ ಭಾಗಗಳನ್ನು ತಂದು ಜೋಡಿಸುವ ಕಂಪೋಸರ್ ಎಂಬ ಸಾಧನ ಬೇಕು, ಅದಕ್ಕೆ ಮೆಮೊರಿ ಬೇಕು, ವರ್ಷಕ್ಕೆ ಚಂದಾದಾರರ ದುಡ್ಡಿನಲ್ಲಿ ನಡೆಯುವ ಅಗ್ಗದ ಹೋಸ್ಟಿಂಗಿನಲ್ಲಿ ಅದು ಏದುಸಿರು ಬಿಡುತ್ತದೆ. ವರ್ಡ್‌ಪ್ರೆಸ್ಸಿಗೆ ಹೋದರೆ ಖಾನೆಗಳಿಗೆ ಪ್ಲಗಿನ್ ಬೇಕು, ಅದೇ ಪ್ಲಗಿನ್ನಿನ ಸುತ್ತ ಆಗ ಜಗಳ ನಡೆದಿತ್ತು.

ಕೊನೆಗೆ ಹೋದದ್ದು ಬ್ಯಾಕ್‌ಡ್ರಾಪ್‌ಗೆ. ಹೆಸರು ಕೇಳಿದವರು ಕಡಿಮೆ. ಡ್ರೂಪಲ್ 8ರ ದಾರಿ ಒಪ್ಪದವರು ಡ್ರೂಪಲ್ 7ರಿಂದಲೇ ಕವಲು ತೆಗೆದು 2015ರ ಜನವರಿಯಲ್ಲಿ ಮೊದಲ ಆವೃತ್ತಿ ತಂದರು. ಸಣ್ಣ ಸಂಸ್ಥೆಗಳಿಗೆ, ಅಗ್ಗದ ಹೋಸ್ಟಿಂಗಿಗೆ ಎಂದೇ ಕಟ್ಟಿದ್ದು. 7ರ ಡೇಟಾಬೇಸನ್ನು ತುಂಬಿ ನವೀಕರಣದ ಪುಟ ಓಡಿಸಿದರೆ ಅದನ್ನೇ ತನ್ನದಾಗಿ ಮಾಡಿಕೊಳ್ಳುತ್ತದೆ. ಲೇಖನದ ಸಂಖ್ಯೆಗಳು, ವಿಳಾಸಗಳು, ಅನುವಾದಕರ ಖಾನೆ ಎಲ್ಲ ಹಾಗೆಯೇ ಬಂದವು. ಥೀಮು ಹೊಸದಾಗಿ ಮಾಡಿದೆವು, ಕೆಲವು ಮಾಡ್ಯೂಲುಗಳು ಇಲ್ಲದ್ದರಿಂದ ಬಿಟ್ಟೆವು. ಮೇಷ್ಟ್ರು ಲಾಗಿನ್ ಆಗಿ ಒತ್ತಕ್ಷರ ತಿದ್ದಿದರು, ಏನಾದರೂ ಬದಲಾಗಿದೆಯೇ ಎಂದು ಕೇಳಿದ್ದಕ್ಕೆ ‘ಬಣ್ಣ’ ಎಂದರು.

ಬ್ಯಾಕ್‌ಡ್ರಾಪ್ ಬಳಗ ಚಿಕ್ಕದು. ನಾಳೆ ಅದು ಸೊರಗಬಹುದು. ಅದಕ್ಕೇ ಹೋದ ಮೊದಲ ವಾರವೇ ಒಂದು ಸಣ್ಣ ಸ್ಕ್ರಿಪ್ಟು ಬರೆದಿಟ್ಟೆ. ಪ್ರತಿ ರಾತ್ರಿ ಅದು ಎಲ್ಲ ಲೇಖನಗಳನ್ನೂ ಒಂದೊಂದು ಪಠ್ಯ ಕಡತವಾಗಿ, ನೆತ್ತಿಯ ಮೇಲೆ ಸಂಚಿಕೆ, ಲೇಖಕ, ಅನುವಾದಕ, ವಿಳಾಸಗಳೊಂದಿಗೆ, ಚಿತ್ರಗಳ ಸಮೇತ ಹೊರಗೆ ಬರೆದಿಡುತ್ತದೆ. ಹ್ಯೂಗೋಗೆ ತಿರುಗಿಸಿದಾಗ ಮಾಡಿದ್ದ ಕೆಲಸವೇ, ದಂಡವಾಗಲಿಲ್ಲ. ಡೇಟಾಬೇಸಿನ ಬ್ಯಾಕಪ್ ಬೇರೆಯಾಗಿ ಇದ್ದೇ ಇದೆ. ಆದರೆ ಅದನ್ನು ಓದಲು ಬ್ಯಾಕ್‌ಡ್ರಾಪೇ ಬೇಕು. ಈ ಕಡತಗಳನ್ನು ಓದಲು ನೋಟ್‌ಪ್ಯಾಡ್ ಸಾಕು. ಯಾವ ಸಿಎಂಎಸ್ ಬಳಸುವವರಾದರೂ ಇದೊಂದನ್ನು ಮಾಡಿಕೊಂಡರೆ, ಯಾವುದು ಮೇಲು ಎಂಬ ಜಗಳದ ಕಾವು ಅರ್ಧ ಇಳಿಯುತ್ತದೆ.

ಯಾವ ಸಿಎಂಎಸ್ಸೂ ಬಗೆಹರಿಸದೆ ಉಳಿದದ್ದು ಹುಡುಕಾಟ. ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಎಂದು ಬರೆದ ಲೇಖನ ಸಿಗುವುದಿಲ್ಲ, ಕೊನೆಯ ಕೊಂಬು ಗುಡಿಸಾಗಿರುತ್ತದೆ. ಪದದ ಮೂಲರೂಪ ತೆಗೆಯುವ ಸ್ನೋಬಾಲ್ ಲೈಬ್ರರಿಯಲ್ಲಿ ಹಿಂದಿ ಇದೆ, ತಮಿಳಿದೆ, ಕನ್ನಡ ಇಲ್ಲ. ಸದ್ಯಕ್ಕೆ ಹುಡುಕುವ ಪದದ ಕೊನೆಯ ಸ್ವರಚಿಹ್ನೆಯನ್ನು ಕಿತ್ತು ಉಳಿದ ಭಾಗವನ್ನು ಹುಡುಕುವ ಒಂದು ತಂತ್ರ ಹಾಕಿದ್ದೇವೆ. ‘ಬೆಂಗಳೂರ’ ಎಂದಾಗ ಬೆಂಗಳೂರು, ಬೆಂಗಳೂರಿನ, ಬೆಂಗಳೂರಲ್ಲಿ ಎಲ್ಲ ಬರುತ್ತವೆ. ‘ಮನೆ’ ಎಂದು ಹುಡುಕಿದವರಿಗೆ ಮಾತ್ರ ಮನಸ್ಸು, ಮನವಿ, ಮನರಂಜನೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಇದಕ್ಕಿಂತ ಒಳ್ಳೆಯ ಉಪಾಯ ಯಾರಲ್ಲಾದರೂ ಇದ್ದರೆ ಹೇಳಿ, ಮೇಷ್ಟ್ರು ದಿನಾ ಕೇಳುತ್ತಿದ್ದಾರೆ.